ಇನ್ನೊಬ್ಬನ ಏದುಸಿರು

ಬೆಳಗಾಗೆದ್ದು ಕಪ್ಪಿಟ್ಟ ಬಾಳೆಹಣ್ಣನ್ನು ಬಾಯಿಗೆ ತುರುಕಿಕೊಂಡು ಮೈಕಿನ ಮುಂದೆ ಚಪ್ಪರಿಸುವುದು ಅವನಿಗೆ ಹೊಸದೇನೂ ಅಲ್ಲ. ಆದರೆ ಇವತ್ತು ಎರಡನೆಯ ತುತ್ತಿಗೇ ಮುಖ ಹಿಂದಕ್ಕೆ ಎಳೆದುಕೊಂಡ. ಮೈಕಿಗೆ ತೊಡಿಸಿದ ಸ್ಪಂಜಿನ ಟೊಪ್ಪಿಗೆಯಲ್ಲಿ ಯಾರ್ಯಾರದೋ ಬಾಯಿಯ ಹಳಸಲು ವಾಸನೆ ಕೂತುಬಿಟ್ಟಿತ್ತು. ಅದನ್ನು ತೊಳೆಯಬೇಕು ಅಂತ ಅವನು ಎಲ್ಲರಿಗೂ ಹೇಳುತ್ತ ಬಂದಿದ್ದಾನೆ, ಯಾರೂ ತೊಳೆದಿಲ್ಲ, ಅವನೂ ತೊಳೆದಿಲ್ಲ. ಹೆಡ್‌ಫೋನಿನೊಳಗೆ ಅವನದೇ ಬಾಯಿ ಗವಿಯಷ್ಟು ದೊಡ್ಡದಾಗಿ ಕೇಳುತ್ತಿತ್ತು. ನಾಲಗೆ ಅಂಗುಳಿನಿಂದ ಬಿಡಿಸಿಕೊಳ್ಳುವುದು, ಜೊಲ್ಲು ಹಲ್ಲಿನ ಸಂದಿಯೊಳಗೆ ಹೋಗಿ ಬರುವುದು, ಮುದ್ದೆಯಾದದ್ದು ಗಂಟಲಲ್ಲಿ ಇಳಿಯುವುದು. ಒಬ್ಬ ಮನುಷ್ಯ ತಿನ್ನುವುದನ್ನು ಇಷ್ಟು ಹತ್ತಿರದಿಂದ ಕೇಳಿದ ಮೇಲೆ ಅವನ ಜೊತೆ ಯಾರಾದರೂ ಊಟಕ್ಕೆ ಕೂರುತ್ತಾರಾ ಅನ್ನಿಸಿತು. ಎದುರಿನ ಪರದೆಯ ಮೇಲೆ ದಪ್ಪ ಮೈಯ ಲಾರಿ ಡ್ರೈವರನೊಬ್ಬ ಸದ್ದಿಲ್ಲದೆ ತಿನ್ನುತ್ತಿದ್ದ. ಆ ಡ್ರೈವರನ ದವಡೆ ಆಡಿದ ಹಾಗೆ ಇವನ ದವಡೆ ಆಡಬೇಕು. ಗಾಜಿನ ಆಚೆ ಕೂತ ಮಿಕ್ಸಿಂಗಿನ ಹುಡುಗಿ ಗುಂಡಿ ಒತ್ತಿ, "ಸೌಂಡಣ್ಣ, ಚೆನ್ನಾಗಿದೆ, ಇನ್ನೊಂಚೂರು ಗಲೀಜಾಗಿ ಮಾಡಿ," ಅಂದಳು.

ಸೌಂಡಣ್ಣ ಅನ್ನುವುದು ಆ ಸ್ಟುಡಿಯೋದವರು ಇಟ್ಟ ಹೆಸರು. ಚಿತ್ರೀಕರಣದಲ್ಲಿ ಸರಿಯಾಗಿ ಸಿಗದ ಸದ್ದನ್ನೆಲ್ಲ ಆಮೇಲೆ ಈ ಕೋಣೆಯಲ್ಲಿ ನಿಂತು ಮಾಡುವುದು ಅವನ ಕೆಲಸ. ನಡಿಗೆ, ಬಟ್ಟೆ ಸರಿದಾಡುವುದು, ಬಾಗಿಲು, ಲೋಟ, ಕೆನ್ನೆಗೆ ಬಿದ್ದ ಏಟು. ಈಗ ಕೆಲವು ತಿಂಗಳಿನಿಂದ 'ಹೊಸ ಮೈ' ಎಂಬ ಟೀವಿ ಕಾರ್ಯಕ್ರಮದ ಕೆಲಸ. ದಪ್ಪಗಿರುವವರನ್ನು ಹಿಡಿದು ತಂದು, ಓಡಿಸಿ, ಅಳಿಸಿ, ಬೈದು, ತೆಳ್ಳಗೆ ಮಾಡಿ ತೋರಿಸುವ ಕಾರ್ಯಕ್ರಮ. ನೋಡಿದವರಿಗೆಲ್ಲ ಸ್ಫೂರ್ತಿ ಬರುತ್ತದಂತೆ. ಇವತ್ತು ಸಂಜೆ ವೇದಿಕೆಯ ಮೇಲೆ, ಜನರ ಮುಂದೆ ಕೊನೆಯ ಕಂತು. ಗೆಲ್ಲುವವನು ಈ ಡ್ರೈವರನೇ ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಅವನು ಮೊದಲು ಹೇಗಿದ್ದ ಎಂದು ತೋರಿಸುವುದಕ್ಕೆ ಈ ತಿನ್ನುವ ದೃಶ್ಯ. ಜನಕ್ಕೆ ಒಂದು ಕ್ಷಣ ವಾಕರಿಕೆ ಬರಬೇಕು, ಬಂದರೆ ತಾನೇ ಆಮೇಲೆ ಚಪ್ಪಾಳೆ ಗಟ್ಟಿಯಾಗಿ ಬೀಳುವುದು ಅಂತ ನಿರ್ದೇಶಕ ಹೇಳಿದ್ದ. ಸೌಂಡಣ್ಣ ಮೂರನೆಯ ತುತ್ತು ಬಾಯಿಗಿಟ್ಟು ಗಲೀಜಾಗಿ ಮಾಡಿದ.

ತಿನ್ನುವುದು ಹಾಗಿರಲಿ, ಡ್ರೈವರನ ಏದುಸಿರು ಕೂಡ ಇವನದೇ. ಮೊದಲ ಕಂತಿನ ಸಮಯದಲ್ಲಿ ಇವನು ಹೆಜ್ಜೆಯ ಸದ್ದಿಗೆ ಬೇಕಾದ ಹಳೆಯ ಶೂಗಳ ಪೆಟ್ಟಿಗೆ ಹೊತ್ತು ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಿದ್ದ. ಬಾಗಿಲಲ್ಲಿ ನಿಂತು ಗೋಡೆಗೆ ಕೈಕೊಟ್ಟು ಉಸಿರು ಎಳೆದುಕೊಳ್ಳುತ್ತಿದ್ದಾಗ ಒಳಗಿದ್ದ ನಿರ್ದೇಶಕ ಕುರ್ಚಿಯಿಂದ ನೆಗೆದುಬಿಟ್ಟ. "ಅಲ್ಲೇ ನಿಂತ್ಕೊಳ್ಳಿ! ಮಾತಾಡ್ಬೇಡಿ! ಇದೇ ಕಣ್ರೀ ನಂಗೆ ಬೇಕಾಗಿದ್ದಿದ್ದು!" ಎಲ್ಲರೂ ನಕ್ಕರು. ಇವನೂ ನಕ್ಕ. ನಗದೇ ಇನ್ನೇನು ಮಾಡಬೇಕಿತ್ತು ಅಂತ ಇವತ್ತಿಗೂ ತಿಳಿದಿಲ್ಲ. ನಗುವಾಗ ಉಸಿರು ಇನ್ನಷ್ಟು ಸಿಕ್ಕಿಕೊಂಡು ಸೀಟಿಯಂಥ ಒಂದು ಸದ್ದು ಬಂತು, ನಿರ್ದೇಶಕ ಅದನ್ನೂ ಹಿಡಿದಿಟ್ಟುಕೊಳ್ಳಿ ಅಂದ. ಮೆಟ್ಟಿಲ ಮೇಲೆ ಮೈಕ್ ತೂಗುಹಾಕಿ ಅವನನ್ನು ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ಕೊನೆಗೆ ಕಣ್ಣಿಗೆ ಕತ್ತಲೆ ಬಂದು ಕೂತಾಗ ಯಾರೋ ನೀರು ಕೊಟ್ಟರು, ಯಾರೋ ಬೆನ್ನು ತಟ್ಟಿದರು, ಅಂಗೈ ಒದ್ದೆಯಾದದ್ದಕ್ಕೆ ಪ್ಯಾಂಟಿಗೆ ಒರೆಸಿಕೊಂಡರು. ಅಲ್ಲಿಂದ ಆ ಏದುಸಿರು ಪ್ರತಿ ಕಂತಿನಲ್ಲೂ ಬಂತು. ಡ್ರೈವರ್ ಓಡಿದರೆ ಇವನ ಉಸಿರು, ಡ್ರೈವರ್ ಸೋತು ಮಂಡಿಯೂರಿದರೆ ಇವನ ಉಸಿರು. ಊರಿಗೆ ಊರೇ ಅದನ್ನು ಕೇಳಿ ಅಸಹ್ಯಪಟ್ಟು ಮಾರನೆಯ ದಿನ ಬೆಳಿಗ್ಗೆ ನಡೆಯಲು ಹೋಗುತ್ತಿತ್ತು.

ಮನೆಯಲ್ಲಿ ಹೆಂಡತಿಯೂ ಅಷ್ಟೇ. ಎಷ್ಟು ಡಾಕ್ಟರು ಹೇಳಿದರೂ ಹಾಸಿಗೆ ಬಿಟ್ಟು ಬೇಗ ಏಳದಿದ್ದವಳು ಈ ಕಾರ್ಯಕ್ರಮ ಶುರುವಾದ ವಾರಕ್ಕೆ ಎದ್ದು ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಫೋನಿನಲ್ಲಿ ಕಾರ್ಯಕ್ರಮದ ಹಾಡು, ಆ ಸಿಳ್ಳೆಯ ರಾಗ. ಆ ಸಿಳ್ಳೆ ಹೊಡೆದವನು ಸಂಗೀತ ನಿರ್ದೇಶಕನೇ ಅನ್ನುವುದು ಅವಳಿಗೆ ಗೊತ್ತಿಲ್ಲ. ಒಂದರ ಬೆನ್ನಿಗೆ ಒಂದು ಸಿಗರೇಟು ಸೇದುತ್ತ, ನಡುನಡುವೆ ಕೆಮ್ಮಿ ಕಾಗದದ ಲೋಟಕ್ಕೆ ಕಫ ಉಗಿಯುತ್ತ ಅವನು ಆ ಸಿಳ್ಳೆ ಹೊಡೆದಿದ್ದ. ಎರಡು ಸಾಲಿನ ನಡುವಿನ ಗೊರಗೊರವನ್ನು ಇವನೇ ಕತ್ತರಿಸಿ ತೆಗೆದಿದ್ದ. ಆ ಲೋಟ ದಿನಗಟ್ಟಲೆ ಕಿಟಕಿಯ ಕಟ್ಟೆಯ ಮೇಲಿತ್ತು. ಹೆಂಡತಿ ಆ ರಾಗವನ್ನು ಗುನುಗುತ್ತ ಸ್ನಾನದ ಮನೆಯಿಂದ ಬಂದಾಗೆಲ್ಲ ಅವನಿಗೆ ಲೋಟ ನೆನಪಾಗುತ್ತದೆ. ಹೇಳಿಬಿಡಬೇಕು ಅನ್ನಿಸುತ್ತದೆ. ಆದರೆ ಡಾಕ್ಟರು ಅವಳ ರಕ್ತದೊತ್ತಡದ ಬಗ್ಗೆ ಹೇಳಿದ್ದು ಬಾಯಿ ಕಟ್ಟುತ್ತದೆ. ಈಗ ಇಳಿದಿದೆ, ಹೀಗೇ ನಡೆಸಿ, ನಿಲ್ಲಿಸಿದರೆ ಕಷ್ಟ ಅಂದಿದ್ದರು. ಎಲ್ಲ ಸುಳ್ಳು ಕಣೇ ಅಂದುಬಿಟ್ಟರೆ ಅವಳು ನಾಳೆ ಏಳುತ್ತಾಳೆಯೇ? ಅದೂ ಅಲ್ಲದೆ ಮೊದಲ ಕಂತು ಬಂದ ಸಂಜೆ ಡ್ರೈವರ್ ಏದುಸಿರು ಬಿಡುತ್ತಿದ್ದಾಗ ಅವಳು ಮುಖ ಹಿಂಡಿಕೊಂಡು, "ಥೂ, ಆ ಸದ್ದು ಕಮ್ಮಿ ಮಾಡ್ರೀ, ಕೇಳಕ್ಕಾಗಲ್ಲ," ಅಂದಿದ್ದಳು. ಇವನು ಎದ್ದು ಸದ್ದು ಕಮ್ಮಿ ಮಾಡಿದ್ದ. ತನ್ನದೇ ಉಸಿರನ್ನು ತಾನೇ ಅದುಮಿ, ಮತ್ತೆ ಬಂದು ಅವಳ ಪಕ್ಕ ಕೂತು, ಮೂಗಿನಲ್ಲಿ ಆದಷ್ಟು ಮೆಲ್ಲಗೆ ಉಸಿರಾಡಿದ್ದ. ನಿದ್ದೆಯಲ್ಲಂತೂ ಅವಳ ಮೊಣಕೈ ಪಕ್ಕೆಗೆ ತಿವಿಯುತ್ತಲೇ ಇರುತ್ತದೆ. ಗೊರಕೆ ಸಹಿಸಲಾಗದೆ ತಿವಿಯುತ್ತಾಳೆ. ಅವನು ಮಗ್ಗುಲು ಬದಲಿಸಿ ಗೋಡೆಗೆ ಮುಖ ಮಾಡುತ್ತಾನೆ.

ಅವಳ ವ್ಯಾಯಾಮದಲ್ಲೂ ತಲೆಬುಡವಿಲ್ಲ. ಕಾರ್ಯಕ್ರಮದ ತರಬೇತುದಾರ ಮನೆಯಲ್ಲಿರುವ ಭಾರವನ್ನೇ ಎತ್ತಿ ಅಂದ ಮೇಲೆ ಒಂದು ಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿಕೊಳ್ಳಲು ಶುರುಮಾಡಿದಳು. ಮೆಟ್ಟಿಲು ಹತ್ತುವಾಗ ಭಾರ ಹೊರುವುದು ಲೋಕದ ರೂಢಿ. ಇವಳು ಇಳಿಯುವಾಗ ಹೊರುತ್ತಾಳೆ, ಹತ್ತುವಾಗ ಒಂದೊಂದೇ ಮೆಟ್ಟಿಲಿಗೆ ಎಳೆದು ತರುತ್ತಾಳೆ. "ಅದು ಉಲ್ಟಾ ಕಣೇ, ಟೀವಿ ನೋಡೋದನ್ನೂ ಸರಿಯಾಗಿ ನೋಡಲ್ವಲ್ಲ ನೀನು," ಅಂತ ಅವನು ಗೇಲಿ ಮಾಡಿದರೆ, "ನನ್ನ ಪಾಡಿಗೆ ನನ್ನ ಬಿಡಿ," ಅನ್ನುತ್ತಾಳೆ. ಅವರ ಮನೆಯಿರುವ ಕಟ್ಟಡದ ಮೆಟ್ಟಿಲುಗಳಾದರೂ ಎಂಥವು! ಇಕ್ಕಟ್ಟು, ತಿರುವಿಗೊಂದು ಒಡೆದ ಕುಂಡ, ಉಗುಳಿನ ಕಲೆ, ಕೆಟ್ಟು ನಿಂತ ಲಿಫ್ಟು. ಹೋದ ವರ್ಷ ಮೇಲಿನ ಮಹಡಿಯ ದರ್ಜಿ ಎದೆ ಹಿಡಿದುಕೊಂಡು ಬಿದ್ದಾಗ ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವುದಕ್ಕೆ ಕಟ್ಟಡದ ಗಂಡಸರೆಲ್ಲ ಒದ್ದಾಡಿದ್ದರು. ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಒಬ್ಬ ಹೀಗೆ ತಿರುಗಿಸು ಅಂದ, ಒಬ್ಬ ಹಾಗಲ್ಲ ಅಂದ. ಬೀದಿ ತಲುಪುವಷ್ಟರಲ್ಲಿ ಮುಗಿದೇಹೋಗಿತ್ತು. ದರ್ಜಿಯ ಒಂದು ಚಪ್ಪಲಿ ತಿರುವಿನಲ್ಲೇ ಉಳಿದು, ಎಲ್ಲರೂ ಅದನ್ನು ದಾಟಿಕೊಂಡು ಓಡಾಡಿ, ಕೊನೆಗೊಂದು ದಿನ ಕಾಣೆಯಾಯಿತು. ಸೌಂಡಣ್ಣನೂ ಕುರ್ಚಿಗೆ ಕೈಕೊಡಲು ಹೋಗಿದ್ದ. ಅರ್ಧಕ್ಕೇ ಉಸಿರು ಕಟ್ಟಿ ಗೋಡೆಗೊರಗಿ ನಿಂತಿದ್ದ. ಆ ಹೊತ್ತಿನಲ್ಲಿ ಯಾರೋ ಅವನಿಗೆ "ಸ್ವಲ್ಪ ಸರೀರಿ, ದಾರಿಗೆ ಅಡ್ಡ," ಅಂದಿದ್ದರು.

ಮಧ್ಯಾಹ್ನ ನಿರ್ದೇಶಕ ಬಂದ. ಕೊನೆಯ ದೃಶ್ಯವನ್ನು ಪರದೆಯ ಮೇಲೆ ಓಡಿಸಿದರು. ತೆಳ್ಳಗಾದ ಡ್ರೈವರ್ ಹೊಸ ಅಂಗಿ ತೊಟ್ಟು ಎತ್ತರದ ಮೆಟ್ಟಿಲುಗಳನ್ನು ಓಡುತ್ತ ಹತ್ತುತ್ತಾನೆ, ತುದಿಯಲ್ಲಿ ಎರಡೂ ಕೈ ಎತ್ತಿ ನಿಲ್ಲುತ್ತಾನೆ. ಚಿತ್ರದಲ್ಲಿ ಅವನ ಎದೆ ಏರಿಳಿಯುತ್ತಿತ್ತು, ಬಾಯಿ ತೆರೆದಿತ್ತು, ತುಟಿ ಒಣಗಿ ಬಿಳಿಚಿತ್ತು. "ಬಾಯಿ ಕಾಣದ ಹಾಗೆ ಕಟ್ ಮಾಡ್ತೀವಿ, ಬಿಡಿ," ಅಂದ ನಿರ್ದೇಶಕ. "ನೀವು ಉಸಿರು ತೆಗೆದುಬಿಡಿ ಸೌಂಡಣ್ಣ. ಹತ್ತೋಕೆ ಶುರುವಾದಾಗ ನಿಮ್ಮ ಹಳೇ ಏದುಸಿರು ಇರ್ಲಿ, ಹತ್ತುತ್ತಾ ಹತ್ತುತ್ತಾ ಕಮ್ಮಿ ಆಗ್ಲಿ, ಮೇಲೆ ನಿಂತಾಗ ಏನೂ ಇರಬಾರದು. ನಿಶ್ಶಬ್ದ. ಆಮೇಲೆ ಸಿಳ್ಳೆ, ಆಮೇಲೆ ಚಪ್ಪಾಳೆ." "ಪೂರ್ತಿ ತೆಗೀಬೇಕಾ ಸಾರ್?" "ಪೂರ್ತಿ. ಆರೋಗ್ಯ ಅಂದ್ರೆ ಅದೇ ಅಲ್ವಾ?" ಹೇಳಿದ್ದು ತನಗೇ ಹಿಡಿಸಿ ನಿರ್ದೇಶಕ ಅದನ್ನು ಇನ್ನೊಂದು ಸಲ ಹೇಳಿದ.

ಹಗುರ ಹೆಜ್ಜೆಯ ಸದ್ದು ಬೇಕಿತ್ತು. ಸೌಂಡಣ್ಣ ಎರಡು ಸಲ ಹಲಗೆಯ ಮೇಲೆ ನಿಂತಲ್ಲೇ ಓಡಿದ. ಎಷ್ಟು ತುದಿಗಾಲಿನಲ್ಲಿ ಓಡಿದರೂ ಧೊಪ್ ಅನ್ನುತ್ತಿತ್ತು. "ಬೇಡ ಬಿಡಿ ಸೌಂಡಣ್ಣ, ನಾನು ಮಾಡ್ತೀನಿ," ಎಂದು ಮಿಕ್ಸಿಂಗಿನ ಹುಡುಗಿ ಒಳಗೆ ಬಂದು ಪೆಟ್ಟಿಗೆಯಿಂದ ಒಂದು ಜೊತೆ ಓಟದ ಶೂ ತೆಗೆದು ಎರಡೆರಡು ಕಾಲುಚೀಲದ ಮೇಲೆ ತೊಟ್ಟುಕೊಂಡಳು. ಅದು ಅವನದೇ ಶೂ. ಮದುವೆಗೂ ಮೊದಲು, ಮೈ ಕಡ್ಡಿಯಂತಿದ್ದಾಗ, ಒಂದು ಸಿನಿಮಾದಲ್ಲಿ ಓಟಗಾರನಾಗಿದ್ದ ನಾಯಕ ಹಾಡಿನುದ್ದಕ್ಕೂ ಮರಳಿನ ಮೇಲೆ ಓಡುತ್ತಿದ್ದ. ಆ ಹೆಜ್ಜೆಯನ್ನೆಲ್ಲ ಇವನು ಮರಳು ತುಂಬಿದ ತಟ್ಟೆಯಲ್ಲಿ, ನಿಂತಲ್ಲೇ ನಿಂತು ಓಡಿದ್ದ. ಸಿನಿಮಾ ಬಂದ ಮೇಲೆ ಬೀದಿಬೀದಿಯಲ್ಲಿ ಜನ ಆ ಹಾಡು ಹಾಕಿಕೊಂಡು ಓಡತೊಡಗಿದರು. ನನ್ನ ಕಾಲಿನ ಸದ್ದು ಕೇಳಿ ಇವರೆಲ್ಲ ಓಡುತ್ತಿದ್ದಾರಲ್ಲ ಅಂತ ಅವನಿಗೆ ಎದೆಯುಬ್ಬಿತ್ತು. ತಾನೂ ಓಡಬೇಕೆಂದು ಶೂ ಕೊಂಡ. ಕೆಲವು ದಿನ ಓಡಿದ. ನಿಜವಾದ ರಸ್ತೆಯ ಮೇಲೆ ಅವನ ಹೆಜ್ಜೆ ಸಿನಿಮಾದಲ್ಲಿ ಕೇಳಿದಷ್ಟು ಚೆನ್ನಾಗಿ ಕೇಳಲಿಲ್ಲ, ಬೇಸರವಾಯಿತು, ಶೂ ಪೆಟ್ಟಿಗೆಗೆ ಸೇರಿತು. ಈಗ ಹುಡುಗಿ ಅದನ್ನು ತೊಟ್ಟು ತಟತಟನೆ ಓಡಿದಳು. ಒಂದೇ ಸಲಕ್ಕೆ ಸರಿಯಾಯಿತು. ಶೂ ಬಿಚ್ಚಿ, ಕೈ ಮೂಸಿ ನೋಡಿಕೊಂಡು, "ಅಬ್ಬಾ," ಅಂದಳು.

ಅಷ್ಟರಲ್ಲಿ ಡ್ರೈವರ್ ಬಂದ. ಕೊನೆಯಲ್ಲಿ ಆಡುವ ಒಂದು ಮಾತಿಗೆ ಮತ್ತೆ ಧ್ವನಿ ಕೊಟ್ಟು ಹೋಗಬೇಕಿತ್ತು. ಇಷ್ಟು ತಿಂಗಳು ಅವನ ಮೈಗೆ ಸದ್ದು ಕೊಟ್ಟಿದ್ದರೂ ಸೌಂಡಣ್ಣ ಅವನನ್ನು ಮುಖಾಮುಖಿ ನೋಡಿದ್ದು ಇದೇ ಮೊದಲು. ಕತ್ತಿನ ಚರ್ಮ ಬಟ್ಟೆಯಂತೆ ಜೋತುಬಿದ್ದಿತ್ತು. ಬಾಯಿ ತೆರೆದರೆ ಉಪವಾಸದ ಹುಳಿ ವಾಸನೆ. "ಅಣ್ಣಾ, ನನ್ನ ಉಸಿರು ನೀವೇನಾ?" ಅಂತ ಕೇಳಿ ಕೈ ಹಿಡಿದುಕೊಂಡ. "ಹೂಂ." "ನಮ್ಮ ಮಗಳು ಟೀವಿ ನೋಡಿ, ಅಪ್ಪ ಹಿಂಗ್ ಉಸಿರಾಡಲ್ಲ, ಇದ್ಯಾರೋ ಬೇರೇವ್ರು ಅಂದ್ಲು. ನಾನೇ ಬೈದು ಸುಮ್ನಾಗ್ಸಿದೆ." ಡ್ರೈವರನ ಕಣ್ಣು ಆಗಲೇ ಮೇಜಿನ ಮೇಲೆ ಬಿದ್ದಿತ್ತು. ಅಲ್ಲಿ ಬೆಳಗಿನ ಬಾಳೆಹಣ್ಣಿನ ಉಳಿದ ತುಂಡುಗಳು ತಟ್ಟೆಯಲ್ಲಿ ನೀರು ಬಿಟ್ಟುಕೊಂಡು ಕೂತಿದ್ದವು, ಒಂದರ ಮೇಲೆ ನೊಣ. "ಮೊನ್ನೆ ತೂಕ ನೋಡೋಕೆ ಮುಂಚೆ ನೀರೂ ಕುಡಿಯೋಕೆ ಬಿಟ್ಟಿಲ್ಲ ಅಣ್ಣಾ. ಇವತ್ತು ರಾತ್ರಿ ವೇದಿಕೆ ಇಳಿಯೋವರ್ಗೂ ಹಿಂಗೇ." ಬಾಗಿಲ ಕಡೆ ಒಮ್ಮೆ ನೋಡಿ ಆ ತುಂಡುಗಳನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡ. ಅದರಲ್ಲಿ ಒಂದನ್ನು ಸೌಂಡಣ್ಣ ಅರ್ಧ ಕಚ್ಚಿ ಉಗಿದಿದ್ದ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅದೂ ಹೋಯಿತು. ಡ್ರೈವರ್ ಸದ್ದೇ ಇಲ್ಲದೆ ಅಗಿಯುತ್ತಿದ್ದ, ತುಟಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಎಷ್ಟೋ ಮರ್ಯಾದೆಯಿಂದ. ಬೆಳಿಗ್ಗೆಯಿಂದ ತಾನು ಮಾಡಿದ ಸದ್ದಿಗೂ ಈ ಮನುಷ್ಯನಿಗೂ ಸಂಬಂಧವೇ ಇಲ್ಲ ಅನ್ನುವುದು ಸೌಂಡಣ್ಣನಿಗೆ ತಿಳಿಯಿತು. ಆ ಗಲೀಜು ಪೂರ್ತಿ ತನ್ನದು. ಬಚ್ಚಲಿಗೆ ಹೋಗಿ ವಾಂತಿ ಮಾಡಲು ನೋಡಿದ, ಬರಲಿಲ್ಲ.

ಬಂದು ಕೂತು ಉಸಿರು ತೆಗೆದ. ಕೆಲಸ ಸಣ್ಣದು. ಪರದೆಯ ಮೇಲೆ ಅವನ ಉಸಿರು ಹಸಿರು ಗೆರೆಯಾಗಿ ಏರಿಳಿಯುತ್ತಿತ್ತು. ಅದನ್ನು ಹಿಡಿದು ಒತ್ತುತ್ತ ಹೋದಂತೆ ಅಲೆ ಸಣ್ಣದಾಗಿ, ಕೊನೆಗೆ ನೇರ ಗೆರೆಯಾಯಿತು. ಹುಡುಗಿ "ಸೂಪರ್" ಅಂದಳು. ಇವತ್ತು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿಬಿಡುವುದು ಅಂತ ಅವನು ಆಗಲೇ ನಿರ್ಧರಿಸಿದ್ದು. ಅವಳ ರಕ್ತದೊತ್ತಡ ಏರಿದರೆ ಏರಲಿ. ಇಂಥ ಸುಳ್ಳು ಕುಡಿದು ಬರುವ ಆರೋಗ್ಯ ಯಾರಿಗೆ ಬೇಕು! ಮನೆಯ ದಾರಿಯಲ್ಲಿ ಅಂಗಡಿಯ ಟೀವಿಗಳಲ್ಲೆಲ್ಲ ಡ್ರೈವರನ ಮುಖ, ಅದರ ಕೆಳಗೇ ಕರಿದ ತಿಂಡಿಯ ಪೊಟ್ಟಣಗಳ ಜಾಹೀರಾತು. ಒಂದು ಪೊಟ್ಟಣ ಕೊಂಡ. ಬೀದಿಯಲ್ಲೇ ನಿಂತು, ಎಣ್ಣೆ ಬೆರಳು ನೆಕ್ಕುತ್ತ, ತನ್ನ ಮೇಲೆ ತಾನೇ ಹೇಸಿಕೊಳ್ಳುತ್ತ ಪೂರ್ತಿ ತಿಂದ. ಬಾಯಿ ಒರೆಸಿಕೊಂಡು ಮೆಟ್ಟಿಲು ಹತ್ತಿದ.

ಹೆಂಡತಿ ಟೀವಿಯ ಮುಂದೆ ಕೂತಿದ್ದಳು. ಅವನು ಪಕ್ಕದಲ್ಲಿ ಕೂತ. ತಿನ್ನುವ ದೃಶ್ಯ ಬಂತು, ಹೋಯಿತು. ಕೊನೆಯ ಮೆಟ್ಟಿಲುಗಳು ಬಂದವು. ಅವನ ಏದುಸಿರು ಆ ಪುಟ್ಟ ಕೋಣೆಯನ್ನು ತುಂಬಿ, ಹಾಗೇ ಇಳಿಯುತ್ತ ಹೋಯಿತು. ಡ್ರೈವರ್ ಕೈ ಎತ್ತಿದ. ಏನೂ ಇಲ್ಲ. ತನ್ನ ಕೆಲಸ ಚೆನ್ನಾಗಿ ಬಂದಿದೆ ಅಂತ ಅವನಿಗೆ ಒಂದು ಕ್ಷಣ ಖುಷಿಯೂ ಆಯಿತು, ಆ ಖುಷಿಗೇ ನಾಚಿಕೆಯಾಯಿತು. ಸಿಳ್ಳೆ, ಚಪ್ಪಾಳೆ, ಜನ ಎದ್ದು ನಿಂತು ಕುಣಿಯುತ್ತಿದ್ದರು. ಹೆಂಡತಿ ಟೀವಿ ಆರಿಸಿದಳು. ಅವನ ಕಡೆ ತಿರುಗದೆ ಎದ್ದು, ಮೂಲೆಯ ಹಿಟ್ಟಿನ ಮೂಟೆಯನ್ನು ಹೆಗಲಿಗೆ ಎಳೆದುಕೊಂಡು ಹೊರಟೇಬಿಟ್ಟಳು. ಸ್ಫೂರ್ತಿ ಉಕ್ಕಿಬಂತು ಅಂದುಕೊಂಡ. ಸಿಟ್ಟು ನೆತ್ತಿಗೇರಿ ಹಿಂದೆಯೇ ಹೋದ.

ಮೊದಲ ತಿರುವಿನಲ್ಲಿ ಅವಳನ್ನು ಹಿಡಿದ. "ನಿಲ್ಲೇ! ಅದೆಲ್ಲ ಸುಳ್ಳು ಕಣೇ. ಆ ಡ್ರೈವರ್‌ನ ಉಸಿರು ಅವನದಲ್ಲ. ಅದು ನಾನು."

"ಗೊತ್ತು," ಅಂದಳು.

"ಏನು ಗೊತ್ತು?"

"ಗೊತ್ತು ಅಂದ್ನಲ್ರೀ. ಮೊದಲ್ನೇ ದಿನಾನೇ ಗೊತ್ತಾಯ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೀನಿ, ನಿಮ್ಮ ಉಸಿರು ನಂಗೆ ಗೊತ್ತಾಗಲ್ವಾ?"

ಅವನಿಗೆ ಮೈಯೆಲ್ಲ ಬೆತ್ತಲೆಯಾದಂತಾಯಿತು. ಇಷ್ಟು ತಿಂಗಳು ಮೂಗಿನಲ್ಲಿ ಮೆಲ್ಲಗೆ ಉಸಿರಾಡಿದ್ದೆಲ್ಲ ದಂಡ. "ಅದಕ್ಕೇ ಕೇಳಕ್ಕಾಗಲ್ಲ ಅಂದ್ಯಾ? ಅಷ್ಟು ಅಸಹ್ಯನಾ?"

"ಅಸಹ್ಯ ಅಲ್ಲ, ಭಯ. ನಿದ್ದೇಲಿ ನಿಮ್ಮ ಉಸಿರು ನಿಂತ್ಹೋಗತ್ತೆ. ನಿಮಗೆ ಗೊತ್ತೇ ಇಲ್ಲ. ನಾನು ಕಾಯ್ತೀನಿ, ಬರತ್ತೆ ಬರತ್ತೆ ಅಂತ. ಬರ್ಲಿಲ್ಲ ಅಂದ್ರೆ ತಿವೀತೀನಿ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ರೇಗ್ತೀರ. ಇವತ್ತು ಟೀವೀಲಿ ಹಾಗೇ ಆಯ್ತು. ನಿಮ್ಮ ಉಸಿರು ಕಮ್ಮಿ ಆಗ್ತಾ ಆಗ್ತಾ ನಿಂತೇ ಹೋಯ್ತು, ಎಲ್ರೂ ಚಪ್ಪಾಳೆ ತಟ್ತಿದಾರೆ. ನೀವು ಪಕ್ಕದಲ್ಲೇ ಕೂತಿದ್ರಿ, ಆದ್ರೂ ನಂಗೆ ಕೈಕಾಲು ತಣ್ಣಗಾಗೋಯ್ತು." ಮೂಟೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಮತ್ತೆ ಇದೇನು? ಈ ಮೂಟೆ? ಇಳಿಯೋವಾಗ ಯಾಕೆ ಹೊರ್ತೀಯ?"

"ದರ್ಜಿಯವ್ರನ್ನ ಹತ್ತಿಸ್ಬೇಕಾಗಿತ್ತಾ?" ಅಂದಳು. "ಇಳಿಸ್ಬೇಕಾಗಿತ್ತು."

ಅವನು ಗೋಡೆ ಹಿಡಿದುಕೊಂಡ. ಕುರ್ಚಿ ಸಿಕ್ಕಿಕೊಂಡದ್ದು ಇದೇ ತಿರುವಿನಲ್ಲಿ. ಹೆಂಡತಿ ಇಷ್ಟು ದಿನ ಹೊತ್ತು ಇಳಿಯುತ್ತಿದ್ದುದು ತನ್ನನ್ನೇ. ಹಿಟ್ಟಿನ ಮೂಟೆಯ ಬದಲಿಗೆ ತನ್ನ ತೋಳು, ತೊಡೆ, ಜೋತ ಹೊಟ್ಟೆ, ಬಾಯಿಂದ ಇಳಿಯುವ ಜೊಲ್ಲು. ಅವಳು ಅದನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದಾಳೆ. ತಾನು ಬದುಕಿರುವಾಗಲೇ ಹೊರೆಯಾಗಿದ್ದೇನೆ ಅನ್ನುವುದು ಗಂಟಲಿಗೆ ಬಂತು, ಅದರ ಜೊತೆ ಬೀದಿಯಲ್ಲಿ ತಿಂದ ಎಣ್ಣೆಯ ತೇಗು.

ಅವಳು ಮೂಟೆ ಇಳಿಸಿ ಗೋಡೆಗೆ ಒರಗಿಸಿದಳು. "ಹೇಗೂ ಬಂದಿದೀರಲ್ಲ, ಬನ್ನಿ, ಹೆಗಲ ಮೇಲೆ ಕೈ ಹಾಕಿ. ಮೂಟೆ ಬೇರೆ, ಮನುಷ್ಯ ಬೇರೆ. ಒಂದ್ಸಲ ಭಾರ ಬಿಡಿ, ನೋಡೋಣ."

"ಹುಚ್ಚೇನೇ ನಿಂಗೆ? ಬೆವರು ನಾತ ಹೊಡೀತಿದೀನಿ."

"ಹೊಡೀರಿ."

ಒದ್ದೆ ಕಂಕುಳನ್ನು ಅವಳ ಕತ್ತಿನ ಮೇಲೆ ಹಾಕಲು ಅವನಿಗೆ ಹೇಸಿಗೆಯಾಯಿತು. ಹಾಕಿದ. ಅವಳು ಅವನ ಸೊಂಟದ ಮಡಿಕೆಯೊಳಗೆ ಬೆರಳು ಊರಿ ಗಟ್ಟಿಯಾಗಿ ಹಿಡಿದು, ಒಂದು ಮೆಟ್ಟಿಲು ಇಳಿದಳು. "ನೀವು ಬಿಡ್ತಾ ಇಲ್ಲ. ಪೂರ್ತಿ ಬಿಡಿ. ಪ್ರಜ್ಞೆ ಇಲ್ಲ ಅಂದ್ಕೊಳ್ಳಿ." ಅವನು ಕಣ್ಣು ಮುಚ್ಚಿ ಬಿಟ್ಟ. ಅವಳ ಮಂಡಿ ನಡುಗಿ ಬಾಗಿತು, ಇಬ್ಬರೂ ಗೋಡೆಗೆ ಉಜ್ಜಿಕೊಂಡು ಜಾರಿ, ಮೆಟ್ಟಿಲ ಮೇಲೆ ಕುಕ್ಕರಿಸಿದರು. ಒಡೆದ ಕುಂಡ ಉರುಳಿತು. ಅವಳು ಏದುಸಿರು ಬಿಡುತ್ತಿದ್ದಳು, ಬಾಯಿ ತೆರೆದು, ಗಂಟಲಲ್ಲಿ ಸಣ್ಣಗೆ ಸೀಟಿಯಂತೆ. ಎಲ್ಲರ ಉಸಿರನ್ನೂ ಕೇಳಿದ್ದ ಅವನು ಇದನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

"ಇನ್ನೂ ಆಗ್ತಿಲ್ಲ," ಅಂದಳು ಕೊನೆಗೆ, ಮೂಗು ಒರೆಸಿಕೊಳ್ಳುತ್ತ. "ನೀವು ಸ್ವಲ್ಪ ಕಮ್ಮಿಯಾಗ್ಬೇಕು. ನಾನು ಸ್ವಲ್ಪ ಗಟ್ಟಿಯಾಗ್ತೀನಿ."

ಕೆಳಗಿನ ಮನೆಯ ಟೀವಿಯಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಆ ಸಿಳ್ಳೆ ಮತ್ತೆ ಶುರುವಾಗಿತ್ತು. ಅವನಿಗೆ ಕಾಗದದ ಲೋಟ ನೆನಪಾಯಿತು.

"ಏಳಿ," ಅಂದಳು. "ಇನ್ನೊಂದ್ಸಲ."